ಹಳೇ ಗಾಡಿ ಹೆಡ್ ಗ್ಯಾಸ್ಕೆಟ್ ಹೋಗಿದ್ಯಾ? ಬರೀ ಗ್ಯಾಸ್ಕೆಟ್ಟಾ, ಹೆಡ್ ಕೆಲ್ಸಾನಾ, ಗುಜರಿ ಇಂಜಿನ್ನಾ, ಇಲ್ಲ ಮಾರಿಬಿಡೋದಾ

ಹೋದ ವರ್ಷ ಏಪ್ರಿಲ್‌ನಲ್ಲಿ ಚಿತ್ರದುರ್ಗದಲ್ಲಿ ನೆಂಟರ ಗೃಹಪ್ರವೇಶ ಮುಗಿಸ್ಕೊಂಡು ದಾವಣಗೆರೆಗೆ ವಾಪಸ್ ಬರ್ತಿದ್ವಿ, ಮಧ್ಯಾಹ್ನ ಎರಡೂವರೆ, ಗಾಡಿ ನಮ್ಮಪ್ಪಂದು 2004ರ ಮಾರುತಿ 800, ಎಸಿ ಇಲ್ದಿರೋದು. ಭರಮಸಾಗರ ದಾಟಿ ಸ್ವಲ್ಪ ದೂರ ಬಂದಿದ್ವಿ ಅಷ್ಟೆ, ಟೆಂಪರೇಚರ್ ಮುಳ್ಳು ಮೇಲೆ ಏರೋದು ಕಾಣಿಸ್ತು. ಕಾಣಿಸ್ತು ಅಂತ ಯಾಕೆ ಒತ್ತಿ ಹೇಳ್ತಿದೀನಿ ಅಂದ್ರೆ ನೋಡಿನೂ ನಾನು ನಿಲ್ಲಿಸ್ಲಿಲ್ಲ. ಹಿಂದೆ ಎರಡು ಮಕ್ಳು ನಿದ್ದೆ ಮಾಡ್ತಿದ್ವು, ರೋಡ್ ಸೈಡಲ್ಲಿ ನೆರಳಿಗೆ ಒಂದು ಮರ ಇಲ್ಲ, ಆನಗೋಡು ಬರ್ಲಿ ಅಲ್ಲಿ ನಿಲ್ಲಿಸಿದ್ರಾಯ್ತು ಅಂತ ಹಂಗೇ ಎಳ್ದೆ. ಆನಗೋಡಲ್ಲಿ ಬಾನೆಟ್ ಎತ್ತಿದ್ರೆ ಕೆಳಗಿನ ಹೋಸ್ ಪೈಪ್ ಸೀಳಿ ಒಂದು ಹನಿ ಕೂಲೆಂಟ್ ಇಲ್ಲ, ಇಂಜಿನ್ ಒಳಗೆ ಬರೀ ಟಿಕ್ ಟಿಕ್ ಸದ್ದು.

ಹೆಡ್ ಗ್ಯಾಸ್ಕೆಟ್ ಹೋಗಿತ್ತು, ಅಂದ್ರೆ ಸಿಲಿಂಡರ್ ಇರೋ ಇಂಜಿನ್ ಬ್ಲಾಕಿಗೂ ಅದರ ಮೇಲೆ ಮುಚ್ಚಳದ ಥರ ಕೂರೋ ಹೆಡ್ಡಿಗೂ ಮಧ್ಯೆ ಗ್ಯಾಸು, ನೀರು, ಆಯಿಲ್ ಸೋರದಂಗೆ ತಡೆಯೋ ಹಾಳೆ. ಆಮೇಲೆ ಒಂದೇ ಕೆಲ್ಸಕ್ಕೆ ಎರಡು ಸಲ ದುಡ್ಡು ಸುರಿದೆ. ಮೊದಲನೇ ಸಲ ತಪ್ಪು ಆಯ್ಕೆ, ಎರಡನೇ ಸಲ ಸರಿ ಆಯ್ಕೆ. ಅದಾದ್ಮೇಲೆ ಓಮ್ನಿ ಝೆನ್ ಇಟ್ಕೊಂಡಿರೋ ನಾಲ್ಕೈದು ಜನ ಫೋನ್ ಮಾಡಿ ಇದನ್ನೇ ಕೇಳಿದ್ರು, ಅದಕ್ಕೆ ಒಂದೇ ಕಡೆ ಬರ್ದಿಡ್ತಿದೀನಿ.

ಮೊದ್ಲು ಗ್ಯಾಸ್ಕೆಟ್ಟೇ ಹೋಗಿದ್ಯಾ ನೋಡ್ರಿ

ಬಿಸಿ ಆದ ಗಾಡಿಗೆಲ್ಲ ಹೆಡ್ ಗ್ಯಾಸ್ಕೆಟ್ ಹೋಗಿರಲ್ಲ, ಆದ್ರೆ ಗ್ಯಾರೇಜಲ್ಲಿ ಮೊದ್ಲು ಬರೋ ಮಾತು ಅದೇ. ಡಿಸೆಂಬರ್‌ನಲ್ಲಿ ಬೆಳಿಗ್ಗೆ ಸೈಲೆನ್ಸರ್‌ನಲ್ಲಿ ಬಿಳೀ ಹೊಗೆ ಬಂದ್ರೆ ಹೆದರ್ಕೋಬೇಡಿ, ಅದು ಬರೀ ಹಬೆ, ಐದು ನಿಮಿಷಕ್ಕೆ ನಿಲ್ಲುತ್ತೆ. ಇಂಜಿನ್ ಕಾದ ಮೇಲೂ ಬಿಳೀ ಹೊಗೆ ಬರ್ತಾನೇ ಇದ್ದು ಒಂಥರಾ ಸಿಹಿ ವಾಸನೆ ಇದ್ರೆ ಅದು ಕೂಲೆಂಟ್ ಉರೀತಿರೋದು. ಆಯಿಲ್ ಮುಚ್ಚಳದ ಒಳಗೆ ಹಾಲು ಜಾಸ್ತಿ ಆದ ಕಾಫಿ ಬಣ್ಣದ ಗಸಿ ಇದ್ರೂ ತಕ್ಷಣ ತೀರ್ಮಾನ ಮಾಡ್ಬೇಡಿ, ಮನೆಯಿಂದ ಮಾರ್ಕೆಟ್‌ಗೆ ಎರಡು ಕಿಲೋಮೀಟರ್ ಓಡಾಡೋ ಗಾಡಿಗಳಲ್ಲಿ ತೇವಕ್ಕೂ ಹಂಗಾಗುತ್ತೆ, ಆಯಿಲ್ ಕಡ್ಡಿ ತೆಗೆದು ನೋಡಿ, ಅದರಲ್ಲೂ ಅದೇ ಬಣ್ಣ ಇದ್ರೆ ಮಾತ್ರ ಆಯಿಲ್‌ಗೆ ನೀರು ಸೇರಿದೆ ಅಂತ. ಹಂಗಿದ್ರೆ ಮತ್ತೆ ಸ್ಟಾರ್ಟ್ ಮಾಡ್ಲೇಬೇಡಿ, ಬೇರಿಂಗ್ ತಿಂದ್ಹಾಕುತ್ತೆ.

ಇನ್ನೊಂದು ಸುಲಭದ್ದು. ಇಂಜಿನ್ ಪೂರ್ತಿ ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ ನೋಡಿ, ಬಿಸಿ ಇದ್ದಾಗ ದಯವಿಟ್ಟು ಮುಟ್ಬೇಡಿ, ಮುಖ ಸುಟ್ಕೊಂಡೋರನ್ನ ನೋಡಿದೀನಿ. ಗುಳ್ಳೆ ಬಿಡದೆ ಬರ್ತಾನೇ ಇದ್ರೆ ಸಿಲಿಂಡರ್ ಗ್ಯಾಸ್ ನೀರಿನ ದಾರಿಗೆ ನುಗ್ತಿದೆ. ಸಿಲಿಂಡರ್ ಒಳಗಿನ ಒತ್ತಡ ಅಳೆಯೋ ಕಂಪ್ರೆಷನ್ ಮೀಟರ್ ಇರೋ ಮೆಕ್ಯಾನಿಕ್ ಸಿಕ್ರೆ ಇನ್ನೂ ಒಳ್ಳೇದು. ನನ್ನ ಗಾಡೀಲಿ ಒಂದನೇ ಸಿಲಿಂಡರ್ 160 ಪಿಎಸ್ಐ ತೋರಿಸ್ತು, ಎರಡು ಮತ್ತೆ ಮೂರು 90ರ ಹತ್ರ ನಿಂತ್ವು. ಹಿಂಗೆ ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಬಿದ್ದಿದ್ರೆ ಅವೆರಡರ ಮಧ್ಯದ ಗ್ಯಾಸ್ಕೆಟ್ ಸುಟ್ಟಿದೆ ಅಂತ ಲೆಕ್ಕ. ಮೂರೂ ಸಮವಾಗಿ ಕಮ್ಮಿ ಇದ್ರೆ ಕಥೆ ಬೇರೆ, ಹೆಚ್ಚಾಗಿ ಪಿಸ್ಟನ್ ರಿಂಗು, ಬೋರು (ಸಿಲಿಂಡರ್ ಒಳಗೋಡೆ) ಸವೆದಿರುತ್ತೆ, ಅಂಥ ಇಂಜಿನ್‌ಗೆ ಹೆಡ್ ಕೆಲ್ಸ ಮಾಡ್ಸಿ ದುಡ್ಡು ಹಾಕೋ ಮೊದ್ಲು ಹತ್ತು ಸಲ ಯೋಚಿಸಿ.

ಡಬ್ಬಿ ಔಷಧಿ

ರೇಡಿಯೇಟರ್‌ಗೆ ಸುರಿದ್ರೆ ಲೀಕ್ ಮುಚ್ಚುತ್ತೆ ಅಂತ ಡಬ್ಬಿ ಮಾರ್ತಾರಲ್ಲ, ಅದು. ಎಲ್ಲಕ್ಕಿಂತ ಅಗ್ಗ, ನನ್ನ ಪ್ರಕಾರ ಎಲ್ಲಕ್ಕಿಂತ ದಂಡ ಕೂಡ. ರೇಡಿಯೇಟರ್ ಒಳಗಿನ ಪ್ರೆಷರ್ ನಿಮ್ಮ ಟೈರ್ ಗಾಳಿಗಿಂತ ಕಮ್ಮಿನೇ, ಅಲ್ಲಿನ ಸಣ್ಣ ತೂತನ್ನ ಡಬ್ಬಿ ಔಷಧಿ ಹಿಡಿದಿಟ್ರೂ ಇಡಬಹುದು. ಆದ್ರೆ ಸಿಲಿಂಡರ್ ಒಳಗೆ ಪೆಟ್ರೋಲ್ ಉರಿದಾಗ ಆಗೋ ಒತ್ತಡ ಅದಕ್ಕಿಂತ ಹತ್ತಾರು ಪಟ್ಟು ಜಾಸ್ತಿ, ಅಲ್ಲಿ ಈ ಅಂಟು ಎಷ್ಟು ದಿನ ನಿಲ್ಲುತ್ತೆ? ನಿಲ್ಲೋದೇನೋ ನಿಲ್ಲಲ್ಲ, ಅದರ ಬದಲು ರೇಡಿಯೇಟರ್‌ನ ಸಣ್ಣ ಸಣ್ಣ ನಳಿಗೆಗಳಲ್ಲಿ ಹೋಗಿ ಕೂರುತ್ತೆ, ಆಮೇಲೆ ಗ್ಯಾಸ್ಕೆಟ್ ಜೊತೆ ರೇಡಿಯೇಟರ್ ಖರ್ಚೂ ನಿಮ್ಮ ತಲೆ ಮೇಲೆ. ನೀರು ಹೊರಗಡೆ ಸಣ್ಣಗೆ ಜಿನುಗ್ತಾ ಇದೆ, ಮನೇಲಿ ಮದುವೆ, ಒಂದು ವಾರ ಹೆಂಗಾದ್ರೂ ಓಡ್ಬೇಕು ಅನ್ನೋ ಪರಿಸ್ಥಿತಿ ಇದ್ರೆ ಸರಿ. ಇದನ್ನ ಹಾಕಿ ಹೊಗೆ ನಿಲ್ಲಿಸಿ ಇನ್ನೊಬ್ಬರಿಗೆ ಗಾಡಿ ಮಾರೋರೂ ಇದಾರೆ, ಹಳೇ ಗಾಡಿ ತಗೋಳೋರು ರೇಡಿಯೇಟರ್ ಒಳಗೆ ಬೆರಳಾಡಿಸಿ ನೋಡಿ, ತರಿತರಿ ಸಿಕ್ರೆ ಕೈ ಮುಗ್ದು ಬಂದ್ಬಿಡಿ.

ಬರೀ ಗ್ಯಾಸ್ಕೆಟ್ ಬದಲಾಯಿಸೋದು

ನಾನು ಮೊದ್ಲು ಮಾಡ್ಸಿದ್ದು ಇದೇ. ಹತ್ರದಲ್ಲೇ ಇದ್ದ ಒಂದು ಗ್ಯಾರೇಜು, ಹೆಡ್ ಬಿಚ್ಚಿ ಹೊಸ ಗ್ಯಾಸ್ಕೆಟ್ ಹಾಕಿ ಕೊಡ್ತೀವಿ ನಾಳೆ ಸಂಜೆ ಬನ್ನಿ ಅಂದ್ರು, ಒಟ್ಟು 3,200 ಆಯ್ತು, ಖುಷಿಯಾಗೇ ಕೊಟ್ಟು ಬಂದೆ. ಸರಿಯಾಗಿ ಐದು ವಾರ. ಹದಡಿ ರೋಡಲ್ಲಿ ಬರ್ತಾ ಮತ್ತೆ ಅದೇ ಬಿಳೀ ಹೊಗೆ.

ಯಾಕೆ ಅಂತ ಆಮೇಲೆ ಅರ್ಥ ಆಯ್ತು. ಗ್ಯಾಸ್ಕೆಟ್ ತಾನಾಗೇ ಹೋಗೋದು ಅಪರೂಪ, ಬಿಸಿ ಅದನ್ನ ಸಾಯಿಸಿರುತ್ತೆ, ಮತ್ತೆ ಅದೇ ಬಿಸಿ ಹೆಡ್ಡನ್ನೂ ಬಗ್ಗಿಸಿರುತ್ತೆ. ಹೆಡ್ ಅಲ್ಯೂಮಿನಿಯಂದು, ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಹೆಚ್ಚುಕಮ್ಮಿ ಎರಡು ಪಟ್ಟು ಹಿಗ್ಗುತ್ತೆ, ಆದ್ರೆ ಸ್ಟೀಲ್ ಬೋಲ್ಟ್‌ಗಳು ಅದನ್ನ ಬಿಗಿಯಾಗಿ ಹಿಡ್ಕೊಂಡಿರ್ತವೆ, ಹಿಗ್ಗೋಕೆ ಜಾಗ ಇಲ್ದೆ ಅದು ಬೆಂಡ್ ಆಗುತ್ತೆ. ಬೆಂಡಾದ ಹೆಡ್ ಕೆಳಗೆ ಎಂಥ ಕಂಪನಿ ಗ್ಯಾಸ್ಕೆಟ್ ಹಾಕಿದ್ರೂ ಅಷ್ಟೆ, ಕುಂಟು ಕಾಲಿನ ಮೇಜಿಗೆ ಹೊಸ ಬಟ್ಟೆ ಹಾಸಿದ ಹಂಗೆ.

ಹಂಗಾದ್ರೆ ಬರೀ ಗ್ಯಾಸ್ಕೆಟ್ ಯಾವಾಗ ಸಾಕು? ಮುಳ್ಳು ಏರಿದ ತಕ್ಷಣ ಗಾಡಿ ನಿಲ್ಲಿಸಿದ್ರೆ, ಇಲ್ಲ ವಯಸ್ಸಾಗಿ ಗ್ಯಾಸ್ಕೆಟ್ ಅಂಚಿಂದ ಹೊರಗೆ ಆಯಿಲ್ ಜಿನುಗ್ತಿದ್ರೆ, ಮತ್ತೆ ಹೆಡ್ ಬಿಚ್ಚಿದ ಮೇಲೆ ನಿಮ್ಮ ಕಣ್ಣೆದುರೇ ಅಳತೆ ಮಾಡಿ ಸಮ ಇದೆ ಅಂತ ತೋರಿಸಿದ್ರೆ. ಅಳತೆ ಇಲ್ದೆ ಹಾಕಿಸೋದು ಲಾಟರಿ ಆಡಿದಂಗೆ.

ಹೆಡ್ ಕೆಲ್ಸ ಪೂರ್ತಿ ಮಾಡ್ಸೋದು

ಎರಡನೇ ಸಲ ಪಿಬಿ ರೋಡ್ ಕಡೆ ಒಬ್ಬ ಹಳೇ ಮೆಕ್ಯಾನಿಕ್ ಹತ್ರ ಹೋದೆ, ಭಾಯ್ ಅಂತಲೇ ಎಲ್ರೂ ಕರೆಯೋದು. ಗಾಡಿ ಸದ್ದು ಕೇಳಿ ಅವ್ರು ಮೊದ್ಲು ಕೇಳಿದ್ದು ಗ್ಯಾಸ್ಕೆಟ್ ಬಗ್ಗೆ ಅಲ್ಲ, "ಮುಳ್ಳು ಮ್ಯಾಲೆ ಹೋದಮ್ಯಾಲೆ ಎಷ್ಟು ದೂರ ಓಡಿಸಿದ್ರಿ?" ಅಂತ. ಒಂದು ಏಳೆಂಟು ಕಿಲೋಮೀಟರ್ ಇರಬಹುದು ಭಾಯ್ ಅಂದೆ. "ಹಂಗಾರೆ ಹೆಡ್ ಬೆಂಡ್ ಆಗೇತಿ, ಬಿಚ್ಚೋದು ಬ್ಯಾಡ ನೋಡಾಕೆ, ಆದ್ರೂ ಬಿಚ್ಚಿ ತೋರಿಸ್ತೀನಿ ಬರ್ರಿ ನಾಳೆ" ಅಂದ್ರು.

ಮರುದಿನ ಹೋದಾಗ ಹೆಡ್ಡನ್ನ ಗೋಣಿ ಚೀಲದ ಮೇಲೆ ಮಕಾಡೆ ಮಲಗಿಸಿದ್ರು, ಮಸಿ ಎಲ್ಲ ಕೆರೆದು ಸೀಮೆಎಣ್ಣೆಯಲ್ಲಿ ತೊಳೆದಿತ್ತು. ಒಂದು ಉಕ್ಕಿನ ಪಟ್ಟಿಯನ್ನ ಅಂಚಿನ ಮೇಲೆ ನಿಲ್ಲಿಸಿ ಈ ಮೂಲೆಯಿಂದ ಆ ಮೂಲೆಗೆ ಅಡ್ಡ ಹಿಡಿದು, ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ರು. ಎರಡನೇ ಮೂರನೇ ಸಿಲಿಂಡರ್ ಮಧ್ಯೆ ಕೂದಲೆಳೆ ದಪ್ಪ ಬೆಳಕು. ಅಲ್ಲಿಗೆ ಸಂದು ಅಳೆಯೋ ಫೀಲರ್ ಗೇಜ್‌ನ ಎಲೆ ತೂರಿಸಿದ್ರು, 0.05 ಮಿಲಿಮೀಟರ್‌ದು ಸರಾಗ ಹೋಯ್ತು, 0.10ದೂ ಹೋಯ್ತು, 0.15ದು ಬಿಗಿಯಾಗಿ ಅರ್ಧ ಹೋಗಿ ನಿಂತ್ಕೊಳ್ತು. ಈ ಥರ ಸಣ್ಣ ಇಂಜಿನ್‌ಗೆ 0.05 ದಾಟಿದ್ರೆನೇ ಫೇಸಿಂಗ್ (ಮಷೀನಲ್ಲಿ ಸವರಿ ಮೇಲ್ಮೈ ಸಮ ಮಾಡೋದು) ಮಾಡ್ಸಬೇಕು. ಮೊದಲನೇ ಗ್ಯಾರೇಜಿನೋರು ಹಾಕಿದ್ದ ಗ್ಯಾಸ್ಕೆಟ್ಟೂ ಪಕ್ಕದಲ್ಲೇ ಬಿದ್ದಿತ್ತು, ಅದೇ ಜಾಗದಲ್ಲಿ ಕಪ್ಪಗೆ ಸುಟ್ಟು ದಾರಿ ಬಿಟ್ಟಿತ್ತು, ಸಾಲದಕ್ಕೆ ಎರಡೂ ಕಡೆ ಅಂಟು ಮೆತ್ತಿದ್ರು. ಹೆಡ್ ಗ್ಯಾಸ್ಕೆಟ್‌ಗೆ ಸುಮ್‌ಸುಮ್ನೆ ಅಂಟು ಹಚ್ಚಬಾರ್ದು, ಹೆಚ್ಚಾಗಿದ್ದು ಆಯಿಲ್ ದಾರಿಗೆ ಹೋಗಿ ಕೂರುತ್ತೆ, ಹಚ್ತಿದ್ರೆ ತಡೀರಿ.

ಈ ಆಯ್ಕೆಯಲ್ಲಿ ಏನೇನು ಬರುತ್ತೆ ಅಂದ್ರೆ, ಹೆಡ್ಡನ್ನ ಲೇತ್‌ಗೆ ಕಳಿಸಿ ಫೇಸಿಂಗ್ ಹೊಡಿಸೋದು, ಕ್ರ್ಯಾಕ್ ಇದೆಯಾ ಅಂತ ನೋಡೋದು, ವಾಲ್ವ್ ಲ್ಯಾಪಿಂಗು (ಪೇಸ್ಟ್ ಹಚ್ಚಿ ತಿಕ್ಕಿ ವಾಲ್ವನ್ನ ಸೀಟಿಗೆ ಸರಿ ಕೂರಿಸೋದು), ವಾಲ್ವ್ ಸೀಲು, ಗ್ಯಾಸ್ಕೆಟ್ ಸೆಟ್ ಪೂರ್ತಿ, ಹೆಂಗೂ ಟೈಮಿಂಗ್ ಬೆಲ್ಟ್ ಬಿಚ್ಚಲೇಬೇಕು ಅದಕ್ಕೆ ಹೊಸ ಬೆಲ್ಟು, ವಾಟರ್ ಪಂಪು, ಥರ್ಮೋಸ್ಟಾಟು (ಕೂಲೆಂಟ್ ಬಿಸಿ ಆದಾಗ ತೆರೆದು ರೇಡಿಯೇಟರ್ ಕಡೆ ಬಿಡೋದು), ಹೋಸ್ ಪೈಪು, ಆಯಿಲು ಫಿಲ್ಟರು ಕೂಲೆಂಟು. ಕೇಳೋಕೆ ಉದ್ದ ಪಟ್ಟಿ, ಆದ್ರೆ ಕೂಲಿ ಬೀಳೋದು ಬಿಚ್ಚಿ ಕಟ್ಟೋದಕ್ಕೆ, ಒಂದ್ಸಲ ಬಿಚ್ಚಿದ್ಮೇಲೆ ಈ ಸಣ್ಣ ಸಾಮಾನು ಹಾಕಿಸ್ದೆ ಮುಚ್ಚೋದು ಜಿಪುಣತನ. ನನಗೆ ಎಲ್ಲ ಸೇರಿ 11,400 ಆಯ್ತು, ಐದು ದಿನ. ನಿಮ್ಮ ಊರಲ್ಲಿ ನಿಮ್ಮ ಗಾಡಿಗೆ ಸಾವಿರ ಎರಡು ಸಾವಿರ ಆಚೆ ಈಚೆ ಆಗ್ಬಹುದು.

ಲೇತ್ ವಿಷಯದಲ್ಲಿ ನಮ್ಮ ಕಡೆಯೋರು ಪುಣ್ಯವಂತರು, ಪಕ್ಕದ ಹರಿಹರ ಅಂದ್ರೆ ಮೈಸೂರು ಕಿರ್ಲೋಸ್ಕರ್ ಕಂಪನಿ ಲೇತ್ ಮಷೀನುಗಳನ್ನೇ ಮಾಡ್ತಿದ್ದ ಊರು, ಮಷೀನ್ ಕೆಲ್ಸ ಬಲ್ಲೋರು ಹುಡುಕಿದ್ರೆ ಸಿಗ್ತಾರೆ. ನಾನೂ ಹೆಡ್ ಜೊತೆಗೇ ಹೋಗಿ ಮಂಡಕ್ಕಿ ಮಿರ್ಚಿ ತಿನ್ಕೊಂಡು ಕೂತಿದ್ದೆ, ನೀವೂ ಹೋಗಿ, ಎಷ್ಟು ತೆಗೀತಾರೆ ಕೇಳಿ. ಸಮ ಆಗೋಕೆ ಎಷ್ಟು ಬೇಕೋ ಅಷ್ಟೇ ತೆಗೀಬೇಕು. ಜಾಸ್ತಿ ತೆಗೆದ್ರೆ ಕಂಪ್ರೆಷನ್ ಏರಿ ಇಂಜಿನ್ ಟಕಟಕ ಅಂತ ನಾಕ್ ಹೊಡೆಯೋಕೆ ಶುರು ಮಾಡುತ್ತೆ, ಕ್ಯಾಮ್ ಟೈಮಿಂಗೂ (ವಾಲ್ವ್ ತೆರೆದು ಮುಚ್ಚೋ ಹೊತ್ತು) ಸ್ವಲ್ಪ ಜಾರುತ್ತೆ. ಹಳೇ ಗಾಡಿ ನಿಮ್ಮ ಕೈಗೆ ಬರೋ ಮೊದ್ಲೇ ಎರಡು ಸಲ ಫೇಸಿಂಗ್ ಆಗಿರಬಹುದು, ಹಂಗಿದ್ರೆ ಬೇರೆ ಹೆಡ್ ಹುಡುಕೋದೇ ವಾಸಿ. ಕೆಲವರು ಲೇತ್ ಖರ್ಚು ಉಳಿಸೋಕೆ ಗ್ಲಾಸ್ ಮೇಲೆ ಎಮರಿ ಪೇಪರ್ ಅಂಟಿಸಿ ಹೆಡ್ ಉಜ್ತಾರೆ, ಸಣ್ಣಪುಟ್ಟ ಕಲೆ ಹೋಗಿಸೋಕೆ ನಡೆಯುತ್ತೆ ಅಷ್ಟೆ. ಗ್ರೈಂಡರ್‌ಗೆ ಎಮರಿ ಚಕ್ರ ಹಾಕಿ ಕ್ಲೀನ್ ಮಾಡೋಕೆ ಬಂದ್ರೆ ಮಾತ್ರ ಕೈ ಹಿಡ್ಕೊಳ್ಳಿ.

ವಾಲ್ವ್ ಸರಿ ಕೂತಿದ್ಯಾ ನೋಡೋಕೆ ಭಾಯ್ ಮಾಡಿದ್ದು ನಂಗೆ ತುಂಬಾ ಹಿಡಿಸ್ತು. ಪ್ಲಗ್ ಮೂರನ್ನೂ ಹಾಕಿ, ಹೆಡ್ ತಲೆಕೆಳಗು ಮಾಡಿ, ಗುಂಡಿಗಳಿಗೆ ಸೀಮೆಎಣ್ಣೆ ತುಂಬಿ ಟೀ ಕುಡಿಯೋಕೆ ಹೋದ್ರು. ವಾಪಸ್ ಬಂದಾಗ ಒಂದು ಕಡೆ ಪೋರ್ಟ್ ಒಳಗೆ ಹಸಿ ಕಾಣಿಸ್ತು, ಆ ವಾಲ್ವನ್ನ ತೆಗೆದು ಮತ್ತೆ ಪೇಸ್ಟ್ ಹಚ್ಚಿ ತಿಕ್ಕಿದ್ರು. ಎರಡನೇ ಸಲ ಒಣಗೇ ಇತ್ತು. ನಿಮ್ದು ಗ್ಯಾಸ್ ಕಿಟ್ ಇರೋ ಓಮ್ನಿ ಆಗಿದ್ರೆ ವಾಲ್ವ್ ಸೀಟನ್ನೂ ಗಮನಿಸಿ ನೋಡ್ಸಿ, ಗ್ಯಾಸಲ್ಲಿ ಓಡೋ ಇಂಜಿನ್‌ಗಳಲ್ಲಿ ಸೀಟು ಬೇಗ ಸವೆಯುತ್ತೆ.

ಕಟ್ಟೋವಾಗ ಎರಡು ವಿಷಯ ನೋಡ್ಕೊಳ್ಳಿ. ಬ್ಲಾಕ್‌ನ ಬೋಲ್ಟ್ ತೂತುಗಳಲ್ಲಿ ಆಯಿಲೋ ನೀರೋ ನಿಂತಿದ್ರೆ ಬೋಲ್ಟ್ ಬಿಗಿ ಮಾಡಿದಾಗ ಅದಕ್ಕೆ ಹೋಗೋಕೆ ಜಾಗ ಇಲ್ದೆ ಬ್ಲಾಕೇ ಸೀಳಬಹುದು, ಗಾಳಿ ಹೊಡೆದು ಒಣಗಿಸ್ಬೇಕು. ಮತ್ತೆ ಬೋಲ್ಟ್‌ಗಳನ್ನ ಟಾರ್ಕ್ ರೆಂಚಲ್ಲೇ (ಎಷ್ಟು ಬಿಗಿ ಆಯ್ತು ಅಂತ ತೋರಿಸೋ ಪಾನ) ಬಿಗಿ ಮಾಡ್ಬೇಕು, ಮಧ್ಯದಿಂದ ಶುರು ಮಾಡಿ ಅಂಚಿಗೆ, ಮೂರು ಸುತ್ತಲ್ಲಿ ಸ್ವಲ್ಪ ಸ್ವಲ್ಪ. "ನಮ್ ಕೈಗೇ ಗೊತ್ತಾಗುತ್ತೆ ಸಾರ್, ಮೂವತ್ತು ವರ್ಷದ ಕೈ" ಅನ್ನೋ ಮೆಕ್ಯಾನಿಕ್ ಎಷ್ಟೇ ಒಳ್ಳೇ ಮನುಷ್ಯ ಆಗಿರ್ಲಿ, ಟಾರ್ಕ್ ರೆಂಚ್ ಇಲ್ಲ ಅಂದ್ರೆ ಹೆಡ್ ಕೆಲ್ಸ ಕೊಡ್ಬೇಡಿ. 800 ಥರದ ಹಳೇ ಗಾಡಿಗಳಲ್ಲಿ ಬೋಲ್ಟ್ ಥ್ರೆಡ್ ಚೆನ್ನಾಗಿದ್ರೆ ಅದನ್ನೇ ಮತ್ತೆ ಹಾಕ್ತಾರೆ, ಆದ್ರೆ ಒಂದ್ಸಲ ಬಿಗಿ ಮಾಡಿದ್ರೆ ಎಳೆದು ಉದ್ದ ಆಗೋ ಬೋಲ್ಟ್ ಇರೋ ಇಂಜಿನ್‌ಗಳೂ ಇವೆ, ಅವುಗಳಿಗೆ ಹೊಸ ಬೋಲ್ಟೇ ಬೇಕು.

ಯಾವ ಗ್ಯಾಸ್ಕೆಟ್

ಅಂಗಡೀಲಿ ಎರಡು ಥರ ತೋರಿಸ್ತಾರೆ. ಒಂದು ಕಪ್ಪು ಬೂದು ಬಣ್ಣದ ಮೆತ್ತನೆ ಪದರದ್ದು, ಇನ್ನೊಂದು ತೆಳು ಸ್ಟೀಲ್ ಹಾಳೆಗಳನ್ನ ಪದರ ಪದರವಾಗಿ ಜೋಡಿಸಿರೋದು. ಸ್ಟೀಲ್‌ದು ಗಟ್ಟಿ ನಿಜ, ಹಂಗಂತ ಹಳೇ ಗಾಡಿಗೆ ಅದೇ ಬೆಸ್ಟ್ ಅಂತಲ್ಲ. ಅದಕ್ಕೆ ಹೆಡ್ಡೂ ಬ್ಲಾಕೂ ಎರಡೂ ಕನ್ನಡಿ ಹಂಗೆ ನುಣ್ಣಗಿರಬೇಕು. ಹೆಡ್ಡನ್ನೇನೋ ಲೇತಲ್ಲಿ ನುಣ್ಣಗೆ ಮಾಡಿಸ್ತೀವಿ, ಬ್ಲಾಕ್ ಗಾಡೀಲೇ ಕೂತಿರುತ್ತೆ, ಇಪ್ಪತ್ತು ವರ್ಷದ ಗೀರು ಗುಳಿ ಅದರ ಮೇಲೆ ಹಂಗೇ ಇರುತ್ತೆ. ಮೆತ್ತನೆ ಗ್ಯಾಸ್ಕೆಟ್ ಅಂಥ ಸಣ್ಣ ದೋಷನೆಲ್ಲ ಹೊಟ್ಟೆಗೆ ಹಾಕ್ಕೊಳ್ಳುತ್ತೆ. ಹಾಗಾಗಿ ಗಾಡಿಗೆ ಕಂಪನಿಯಿಂದ ಯಾವ ಥರದ್ದು ಬಂದಿತ್ತೋ ಅದನ್ನೇ ಹಾಕ್ಸಿ, ದುಡ್ಡು ಉಳಿಸೋಕೆ ಹೆಸರಿಲ್ಲದ ಪ್ಯಾಕೆಟ್ ತಗೋಬೇಡಿ, ಉಳಿಯೋದು ಮುನ್ನೂರು ನಾನೂರು, ಮತ್ತೆ ಬಿಚ್ಚೋದಾದ್ರೆ ಕೂಲಿ ಅದರ ಹತ್ತು ಪಟ್ಟು.

ತಗೋಳೋವಾಗ ಆರ್‌ಸಿ ಜೊತೆಗಿರ್ಲಿ. 796 ಸಿಸಿ ಅಂದ ಮಾತ್ರಕ್ಕೆ ಎಲ್ಲ ಒಂದೇ ಅಲ್ಲ, 800 ಓಮ್ನಿದು 6 ವಾಲ್ವ್, ಆಲ್ಟೋದು 12 ವಾಲ್ವ್, 800ರಲ್ಲೇ ಐದು ಗೇರಿನ 12 ವಾಲ್ವ್ ಗಾಡಿ ಸ್ವಲ್ಪ ಕಾಲ ಬಂದಿತ್ತು. 800 ತಯಾರಿ 2014ಕ್ಕೆ ನಿಂತ್ರೂ ಅದೇ ಇಂಜಿನ್ ಕುಟುಂಬದ ಓಮ್ನಿ 2019ರವರೆಗೂ ಬಂತಲ್ಲ, ಹಾಗಾಗಿ ಪಾರ್ಟ್ಸ್‌ಗೆ ಇನ್ನೂ ಪರದಾಟ ಇಲ್ಲ. ಡೀಸೆಲ್ ಗಾಡಿಯೋರಿಗೆ ಒಂದು ಮಾತು, ನಿಮ್ಮ ಎಷ್ಟೋ ಇಂಜಿನ್‌ಗಳಲ್ಲಿ ಗ್ಯಾಸ್ಕೆಟ್ ದಪ್ಪದಲ್ಲೇ ಎರಡು ಮೂರು ಥರ ಇರುತ್ತೆ, ಅಂಚಲ್ಲಿ ಕಚ್ಚು ಇಲ್ಲ ತೂತು ಎಷ್ಟಿದೆ ಎಣಿಸಿ ಅದೇ ತರಬೇಕು.

ಗುಜರಿ ಇಂಜಿನ್

ಹೆಡ್ ಕ್ರ್ಯಾಕ್ ಆಗಿ ಬೋರೂ ಸವೆದಿದ್ರೆ, ಇಲ್ಲ ನೀರು ಸೇರಿದ ಆಯಿಲಲ್ಲೇ ಓಡಿಸಿ ಬೇರಿಂಗ್ ಸದ್ದು ಬರ್ತಿದ್ರೆ ಈ ದಾರಿ. ಬೆಂಗಳೂರಿನ ಶಿವಾಜಿನಗರದ ಗುಜರಿ ಕಡೆಯಿಂದ ತರಿಸಿಕೊಡ್ತೀನಿ ಅಂತ ಒಬ್ರು ನಂಗೆ 18,000 ಹೇಳಿದ್ರು, ಕೂರಿಸೋ ಕೂಲಿ ಬೇರೆ. ಇದರಲ್ಲಿರೋ ತೊಂದ್ರೆ ಅಂದ್ರೆ ಆ ಇಂಜಿನ್ ಯಾಕೆ ಗುಜರಿಗೆ ಬಂತು ಅಂತ ಯಾರೂ ಹೇಳಲ್ಲ. ಆಕ್ಸಿಡೆಂಟ್ ಗಾಡೀದಾದ್ರೆ ಒಳ್ಳೇದೇ ಇರಬಹುದು. ಅದೂ ಗ್ಯಾಸ್ಕೆಟ್ ಹೋಗೇ ಬಂದಿದ್ರೆ? ತಗೋಳೋ ಮೊದ್ಲು ಕಂಪ್ರೆಷನ್ ನೋಡ್ಸಿ, ಆಯಿಲ್ ಚೇಂಬರ್ ಬಿಚ್ಚಿಸಿ ನೋಡಿ, ಒಪ್ಪಲಿಲ್ಲ ಅಂದ್ರೆ ಬೇಡ.

ಕಾಗದ ಪತ್ರದ್ದು ಇನ್ನೊಂದು. ಇಂಜಿನ್ ನಂಬರ್ ಆರ್‌ಸಿಯಲ್ಲಿ ಇರುತ್ತೆ, ಇಂಜಿನ್ ಬದಲಾದ್ರೆ ಆರ್‌ಟಿಓದಲ್ಲಿ ಅದನ್ನ ಬದಲಾಯಿಸಿಕೊಳ್ಳಲೇಬೇಕು, ಬಿಲ್ ಇಲ್ದೆ ತಂದ ಇಂಜಿನ್‌ಗೆ ಇದು ಆಗಲ್ಲ. ಮುಂದೆ ಗಾಡಿ ಮಾರೋಕೋ ರಿನ್ಯೂ ಮಾಡ್ಸೋಕೋ ಹೋದಾಗ ನಂಬರ್ ಹೊಂದಲಿಲ್ಲ ಅಂದ್ರೆ ತಲೆನೋವು. ಅದೂ ಅಲ್ದೆ ಕದ್ದ ಗಾಡಿ ಇಂಜಿನ್ ಆಗಿದ್ರೆ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತೋರು ನೀವು, ಗುಜರಿಯವನಲ್ಲ.

ಮಾರಿಬಿಡೋದು

ನಮ್ಮ ಮನೆಯವ್ರು ಮೊದಲಿಂದ ಹೇಳಿದ್ದು ಇದನ್ನೇ. ಲೆಕ್ಕ ಹಾಕಿದ್ರೆ ಅವ್ರ ಮಾತಲ್ಲೂ ಸತ್ಯ ಇದೆ. ಓಡ್ತಿದ್ದಾಗ ನನ್ನ ಗಾಡಿಗೆ ಬ್ರೋಕರ್ 50,000 ಹೇಳಿದ್ದ, ಹೆಡ್ ಹೋಗಿದೆ ಅಂದ ತಕ್ಷಣ 20,000ಕ್ಕೆ ಇಳಿದ. ಅಂದ್ರೆ 11 ಸಾವಿರದ ಕೆಲ್ಸಕ್ಕೆ ಅವನು ಮುರ್ಕೊಂಡಿದ್ದು 30 ಸಾವಿರ, ಹಾಗಾಗಿ ಮಾರೋದೇ ಆದ್ರೂ ಕೆಲ್ಸ ಮಾಡ್ಸಿ ಬಿಲ್ ಇಟ್ಕೊಂಡು ಮಾರಿ. ಆದ್ರೆ ಆರ್‌ಸಿ ಇನ್ನೆಷ್ಟು ದಿನ ಇದೆ ಅನ್ನೋದನ್ನ ಲೆಕ್ಕಕ್ಕೆ ಸೇರಿಸ್ಲೇಬೇಕು. 15 ವರ್ಷ ಆದ ಕಾರಿನ ರಿನ್ಯೂವಲ್ ಫೀಸು 2022ರ ಏಪ್ರಿಲ್‌ನಿಂದ 600 ಇದ್ದಿದ್ದು 5,000 ಆಯ್ತು, 20 ವರ್ಷ ದಾಟಿದ್ದಕ್ಕೆ 2025ರಲ್ಲಿ 10,000 ಮಾಡಿದ್ರು, ರಿನ್ಯೂ ಮಾಡಿದ್ರೆ ಐದು ವರ್ಷ. ನನ್ನದು 2029ರವರೆಗೆ ಇದೆ, ಬಾಡಿ ತುಕ್ಕು ಹಿಡಿದಿಲ್ಲ, ಅದಕ್ಕೇ ಖರ್ಚು ಮಾಡಿದೆ. ಇನ್ನಾರು ತಿಂಗಳಿಗೆ ಆರ್‌ಸಿ ಮುಗಿಯುತ್ತೆ, ಫ್ಲೋರ್ ತೂತು ಬಿದ್ದು ರೋಡ್ ಕಾಣುತ್ತೆ ಅನ್ನೋ ಗಾಡಿ ಆಗಿದ್ರೆ ನಾನೂ ಕೊಟ್ಟುಬಿಡ್ತಿದ್ದೆ, ಅಪ್ಪನ ಗಾಡಿ ಅನ್ನೋ ಮೋಹ ಎಷ್ಟಿದ್ರೂ.

ಹಂಗಾದ್ರೆ ಯಾವುದು

ಮುಳ್ಳು ಏರಿದ ತಕ್ಷಣ ನಿಲ್ಲಿಸಿದ್ರಾ, ಹೆಡ್ ಅಳತೆ ಸರಿ ಬಂತಾ, ಬರೀ ಗ್ಯಾಸ್ಕೆಟ್ ಸಾಕು. ನನ್ನ ಹಂಗೆ ಎಳೆದಿದ್ರೆ ಹೆಡ್ ಕೆಲ್ಸ. ಮೂರೂ ಸಿಲಿಂಡರ್ ಬಿದ್ದಿದ್ರೆ ಗುಜರಿ ಇಂಜಿನ್ನೋ ಮಾರಾಟವೋ, ಅದು ಆರ್‌ಸಿ ಮೇಲೆ. ಯಾವುದನ್ನೂ ಹೆಡ್ ಬಿಚ್ಚೋ ಮೊದ್ಲೇ ಒಪ್ಪಿಕೊಳ್ಳಬೇಡಿ. ಬಿಚ್ಚೋ ಕೂಲಿ ಎಷ್ಟು ಅಂತ ಬೇರೆ ಮಾತಾಡ್ಕೊಂಡು, ಬಿಚ್ಚಿ ಅಳತೆ ನೋಡಿದ್ಮೇಲೆ ಉಳಿದಿದ್ದು ಮಾತಾಡಿ.

ಮತ್ತೆ ಏನೇ ಮಾಡ್ಸಿದ್ರೂ ಗಾಡಿ ಯಾಕೆ ಬಿಸಿ ಆಯ್ತು ಅನ್ನೋದನ್ನ ಸರಿ ಮಾಡ್ದೆ ಗ್ಯಾರೇಜಿಂದ ಹೊರಗೆ ತರಬೇಡಿ. ನಂದು ತೆಂಗಿನ ಸಿಪ್ಪೆ ಥರ ಒಣಗಿದ್ದ ಒಂದು ಹೋಸ್ ಪೈಪು ಅಷ್ಟೆ. ಬೇರೆಯೋರದ್ದು ಫ್ಯಾನ್ ಸ್ವಿಚ್ ಇರಬಹುದು, ಮುಚ್ಚಿಕೊಂಡು ನಿಂತ ಥರ್ಮೋಸ್ಟಾಟ್ ಇರಬಹುದು, ರೇಡಿಯೇಟರ್ ಮುಚ್ಚಳದ ರಬ್ಬರ್ ಇರಬಹುದು. ಥರ್ಮೋಸ್ಟಾಟ್ ಕಿತ್ತು ಬಿಸಾಕಿ "ಇನ್ಮೇಲೆ ಬಿಸಿ ಆಗಲ್ಲ" ಅಂತಾರೆ ಕೆಲವರು, ಬಿಡಬೇಡಿ, ಹೊಸದು ಹಾಕ್ಸಿ. ನಮ್ಮ ಕಡೆ ಇನ್ನೊಂದು ಮುಖ್ಯ ಕಾರಣ ಬೋರ್ ನೀರು. ಅದನ್ನ ಕಾಸಿದ ಪಾತ್ರೆ ತಳದಲ್ಲಿ ಬಿಳೀ ಪೊರೆ ಕಟ್ಟುತ್ತಲ್ಲ, ಇಂಜಿನ್ ಒಳಗೂ ಅದೇ ಕಟ್ಟೋದು, ವರ್ಷಗಟ್ಟಲೆ ಬೋರ್ ನೀರು ಸುರಿದ ರೇಡಿಯೇಟರ್‌ನಲ್ಲಿ ಅರ್ಧ ನಳಿಗೆ ಮುಚ್ಚಿಹೋಗಿರುತ್ತೆ. ಕೂಲೆಂಟ್ ಮತ್ತೆ ಡಿಸ್ಟಿಲ್ಡ್ ವಾಟರ್ ಅರ್ಧ ಅರ್ಧ ಹಾಕಿ, ಬ್ಯಾಟರಿಗೆ ಹಾಕೋ ನೀರು ಅಂತ ಕೇಳಿದ್ರೆ ಎಲ್ಲ ಕಡೆ ಸಿಗುತ್ತೆ.

ಗಾಡಿ ವಾಪಸ್ ಬಂದ ದಿನ ಭಾಯ್ ಕೂಲೆಂಟ್ ಬಾಟಲಿ ತೋರಿಸಿ "ದಿನಾ ಬೆಳಗ್ಗೆ ತಣ್ಣಗಿದ್ದಾಗ ಇದನ್ನ ನೋಡ್ರಿ, ಇಳೀತಿದ್ರೆ ನಂಗೆ ಫೋನ್ ಮಾಡ್ರಿ, ನೀರು ಹಾಕಿ ಸುಮ್ನಾಗಬ್ಯಾಡ್ರಿ" ಅಂದ್ರು. ಮಗಳ ನೇಲ್ ಪಾಲಿಶ್ ತಗೊಂಡು ಬಾಟಲಿ ಮೇಲೆ ಒಂದು ಕೆಂಪು ಗೆರೆ ಎಳೆದಿದೀನಿ. ಮೊದಲ ವಾರ ಗಾಳಿ ಹೊರಗೆ ಹೋಗಿ ಬೆರಳಷ್ಟು ಇಳೀತು, ತುಂಬಿಸ್ದೆ. ಆಮೇಲೆ ಎರಡು ಸಲ ಚಿತ್ರದುರ್ಗಕ್ಕೆ ಹೋಗಿ ಬಂದಿದೀವಿ, ಗೆರೆ ಹತ್ರನೇ ನಿಂತಿದೆ. ಭರಮಸಾಗರ ಬಂದ ತಕ್ಷಣ ಮಾತ್ರ ಮನೆಯವ್ರು ಈಗ ನನಗಿಂತ ಮೊದ್ಲು ಬಗ್ಗಿ ಆ ಮುಳ್ಳು ನೋಡ್ತಾರೆ.